ಹುಣಸೆಹಣ್ಣು ಹಚ್ಚಿ ತೊಳೆದ ಮಣಿ

ನನ್ನ ಹತ್ತಿರ ಒಂದು ಕೆಂಪು ಮಣಿ ಇದೆ. ತೊಗರಿ ಕಾಳಿಗಿಂತ ತುಸು ದೊಡ್ಡದು, ಬೆಳಕಿಗೆ ಹಿಡಿದರೆ ಒಳಗೆ ಕೆಂಡ ಇದ್ದ ಹಾಗೆ ಕಾಣುತ್ತೆ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಗುಂಡಗುರ್ತಿಯ ನಮ್ಮ ಹೊಲದಲ್ಲಿ ಸಿಕ್ಕಿದ್ದು. ಮುಂಗಾರಿನ ಮೊದಲ ಮಳೆ ಬಿದ್ದಿತ್ತು, ಮುತ್ಯಾ ಹೊಲ ಹರಗುತ್ತಿದ್ದ. ನಾನು ಹಿಂದೆ ಹಿಂದೆ ಹೋಗುವಾಗ ಕಪ್ಪು ಹೆಂಟೆಯೊಳಗೆ ಏನೋ ಮಿಂಚಿತು.

"ಮುತ್ಯಾ, ಇದೇನದ?"

"ಯಾವ್ದೋ ಹಳೀ ಕಾಲದ್ದು ಇರ್ಬೇಕು. ಇಟ್ಕೋ."

ಮನೆಗೆ ಬಂದವನೇ ಮಾಡಿದ ಮೊದಲ ಕೆಲಸ ಅಂದರೆ, ಅವ್ವನ ಹತ್ತಿರ ಹುಣಸೆಹಣ್ಣು ಇಸ್ಕೊಂಡು ಮಣಿಯನ್ನು ತಿಕ್ಕಿ ತಿಕ್ಕಿ ತೊಳೆದದ್ದು. ತೂತಿನೊಳಗೆ ಸಿಕ್ಕಿಕೊಂಡಿದ್ದ ಮಣ್ಣನ್ನೂ ಸೂಜಿ ಹಾಕಿ ತೆಗೆದೆ. ಅವತ್ತು ಎಂಥ ಖುಷಿ! ನಾನು ಮಾಡಿದ ತಪ್ಪು ಏನು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಮೊದಮೊದಲು ಇದು ಆದಿಮಾನವನ ಮಣಿ ಅಂತಲೇ ಎಲ್ಲರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಕಾರಣ ಇಲ್ಲದೆ ಅಲ್ಲ. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಕೆ. ಪದ್ದಯ್ಯ ಅವರ ತಂಡ ಅಗೆದಾಗ ಕಲ್ಲಿನ ಕೊಡಲಿಗಳ ಜೊತೆ ಪ್ರಾಣಿಗಳ ಹಲ್ಲುಗಳೂ ಸಿಕ್ಕವು. ಆ ಹಲ್ಲುಗಳ ಪರೀಕ್ಷೆಯಿಂದ ಆ ಜಾಗಕ್ಕೆ ಸುಮಾರು 12 ಲಕ್ಷ ವರ್ಷ ಅಂತ 2002ರಲ್ಲಿ ಪ್ರಕಟವಾಯಿತು. ಹಳೆಯ ಗುಲಬರ್ಗಾ ಜಿಲ್ಲೆಯದೇ ಜಾಗ. ಅವರಿಗೆ ಕೊಡಲಿ ಸಿಕ್ಕರೆ ನನಗೆ ಮಣಿ ಸಿಗಬಾರದೇ? :-) ಆದರೆ ಕೊಡಲಿ ಮಾಡಿದವರು ಮಣಿ ಪೋಣಿಸಿಕೊಂಡರು ಅನ್ನೋದಕ್ಕೆ ಅಲ್ಲಿ ಒಂದು ಗುರುತೂ ಇಲ್ಲ. ಒಡವೆ ಬಂದದ್ದು ತುಂಬಾ ತಡವಾಗಿ. ಮೊರಾಕ್ಕೋದ ಬಿಜ್ಮೂನ್ ಗುಹೆಯ ತೂತು ಬಿದ್ದ ಚಿಪ್ಪುಗಳಿಗೆ ಸುಮಾರು 1,42,000 ದಿಂದ 1,50,000 ವರ್ಷ ಅಂತ 2021ರಲ್ಲಿ ಹೇಳಿದರು. ದಕ್ಷಿಣ ಆಫ್ರಿಕಾದ ಬ್ಲಾಂಬೋಸ್ ಗುಹೆಯವು ಸುಮಾರು 75,000 ವರ್ಷದವು.

ಈ ಲೆಕ್ಕ ಹೇಗೆ ಹಾಕುತ್ತಾರೆ? ನನ್ನ ಮಣಿಯನ್ನೇ ತಗೊಳ್ಳಿ. ಕಾರ್ನೀಲಿಯನ್ ಕಲ್ಲು, ದಖ್ಖನ್ನಿನ ಲಾವಾ ಬಂಡೆಗಳ ಪೊಳ್ಳಿನಲ್ಲಿ ಹುಟ್ಟುವಂಥದ್ದು. ಆ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ. ಹಾಗಂತ ಮಣಿಗೆ ಕೋಟಿ ವರ್ಷ ಅನ್ನೋಕಾಗತ್ತಾ? ನಮಗೆ ಬೇಕಾದದ್ದು ತೂತು ಕೊರೆದ ದಿನ. ತೂತಿಗೆ ವಯಸ್ಸು ಅಳೆಯುವ ಯಂತ್ರ ಇಲ್ಲ. ರೇಡಿಯೋಕಾರ್ಬನ್ ಪರೀಕ್ಷೆ ಒಮ್ಮೆ ಜೀವ ಇದ್ದ ವಸ್ತುವಿಗೆ ಮಾತ್ರ, ಅದೂ ಹೆಚ್ಚೆಂದರೆ 50,000 ವರ್ಷದವರೆಗೆ. ಮಹಾರಾಷ್ಟ್ರದ ಪಾಟಣೆಯಲ್ಲಿ ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪಿನ ಮಣಿಗಳು ಸಿಕ್ಕಿವೆ (ಹೌದು, ನಮ್ಮ ದೇಶದಲ್ಲೂ ಆ ಹಕ್ಕಿ ಓಡಾಡುತ್ತಿತ್ತು!). ಅಂಥದ್ದರ ಚಿಪ್ಪನ್ನೇ ಪರೀಕ್ಷಿಸಬಹುದು. ಆದರೆ ಅದು ಹೇಳೋದು ಹಕ್ಕಿ ಮೊಟ್ಟೆ ಇಟ್ಟ ಕಾಲವನ್ನು, ಮನುಷ್ಯ ಅದನ್ನು ಕೊರೆದ ಕಾಲವನ್ನಲ್ಲ.

ಹಾಗಾಗಿ ಕೊನೆಗೆ ಮಣ್ಣಿನ ಪದರವನ್ನೇ ಕೇಳಬೇಕು. ಯಾವ ಪದರದಲ್ಲಿ ಮಣಿ ಇತ್ತು, ಜೊತೆಗೆ ಯಾವ ಇದ್ದಿಲು, ಮೂಳೆ, ಮಡಕೆ ಚೂರು ಇತ್ತು, ಅಲ್ಲಿನ ಮರಳು ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ... ಕರ್ನೂಲಿನ ಕಡೆ ಜ್ವಾಲಾಪುರಂನ ಒಂದು ಕಲ್ಲಾಸರೆಯಲ್ಲಿ ಸಣ್ಣ ಸಣ್ಣ ಕಲ್ಲಿನ ಅಲಗುಗಳ ಜೊತೆ ಮಣಿಗಳು, ಕೆತ್ತಿದ ಮೂಳೆ, ಮನುಷ್ಯನ ತಲೆಬುರುಡೆಯ ಚೂರುಗಳೂ ಸಿಕ್ಕಿವೆ. ಅಲ್ಲಿನ ವಾಸ 35,000 ವರ್ಷದಷ್ಟು ಹಿಂದಕ್ಕೆ ಹೋಗುತ್ತೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಕೂಡ ಆ ತಂಡದಲ್ಲಿದ್ದರು. ಅವರು ಪದರ ಪದರವಾಗಿ ಬಿಡಿಸಿ ಅಗೆದದ್ದಕ್ಕೇ ಆ ಮಣಿಗಳಿಗೊಂದು ಕಾಲ ಸಿಕ್ಕಿತು.

ನನ್ನ ಹೊಟ್ಟೆ ಉರಿಸಿದ ಕಥೆ ಇನ್ನೊಂದಿದೆ. ಇಸ್ರೇಲಿನ ಸ್ಖೂಲ್ ಗುಹೆಯಲ್ಲಿ 1930ರ ದಶಕದಲ್ಲಿ ಅಗೆದಾಗ ಸಿಕ್ಕ ಎರಡು ತೂತು ಚಿಪ್ಪುಗಳು ಲಂಡನ್ನಿನ ಮ್ಯೂಸಿಯಂನಲ್ಲಿ ಎಷ್ಟೋ ದಶಕ ಬಿದ್ದಿದ್ದವು. ಯಾವ ಪದರದವು ಅನ್ನೋದು ಪಕ್ಕಾ ಇರಲಿಲ್ಲ. ಒಂದು ಚಿಪ್ಪಿಗೆ ಇನ್ನೂ ಮಣ್ಣು ಅಂಟಿಕೊಂಡಿತ್ತು! ಆ ಮಣ್ಣನ್ನು ಗುಹೆಯ ಪದರಗಳ ಮಣ್ಣಿನ ಜೊತೆ ತಾಳೆ ನೋಡಿ, ಇದು 1,00,000 ದಿಂದ 1,35,000 ವರ್ಷ ಹಳೆಯ ಪದರದ್ದು ಅಂತ 2006ರಲ್ಲಿ ಹೇಳಿದರು. ಚಿಟಿಕೆ ಮಣ್ಣು ಅಷ್ಟು ಕೆಲಸ ಮಾಡಿತು. ನಾನು ಸೂಜಿ ಹಾಕಿ ತೆಗೆದು ಬಚ್ಚಲಿಗೆ ಬಿಟ್ಟದ್ದೂ ಅದನ್ನೇ.

2023ರಲ್ಲಂತೂ ಇನ್ನೂ ಮುಂದೆ ಹೋದರು. ಸೈಬೀರಿಯಾದ ಡೆನಿಸೋವಾ ಗುಹೆಯ ಒಂದು ಜಿಂಕೆ ಹಲ್ಲಿನ ಪದಕದಿಂದ ಅದನ್ನು ಮುಟ್ಟಿದವರ ಡಿಎನ್ಎ ತೆಗೆದು, ಅದು ಒಬ್ಬ ಹೆಂಗಸಿನದು, ಸುಮಾರು 19,000 ದಿಂದ 25,000 ವರ್ಷದ ಹಿಂದಿನದು ಅಂದರು. ಅದನ್ನು ನೆಲದಿಂದ ಎತ್ತುವಾಗಲೇ ಕೈಗೆ ಗ್ಲೌಸ್ ಹಾಕಿದ್ದರಂತೆ. ನನ್ನ ಮಣಿಯನ್ನು ನಮ್ಮ ಓಣಿಯ ಹುಡುಗರೆಲ್ಲ ಬಾಯಲ್ಲಿ ಹಾಕಿ ನೋಡಿದ್ದಾರೆ.

ಈಗ ನನ್ನ ಅಂದಾಜು ಏನು ಅಂದರೆ, ಇದು ಆದಿಮಾನವನದಲ್ಲ. ನಮ್ಮ ಚಿತ್ತಾಪುರ ತಾಲೂಕಿನ ಭೀಮಾ ದಂಡೆಯಲ್ಲೇ ಸನ್ನತಿ ಇದೆ, ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ "ರಾಯ ಅಸೋಕೊ" ಅಂತ ಬರೆದ ಶಿಲ್ಪ ಸಿಕ್ಕಿದೆ. ಶಾತವಾಹನರ ಕಾಲದ ಊರುಗಳಲ್ಲಿ ಇಂಥ ಕೆಂಪು ಮಣಿಗಳು ಸಾಮಾನ್ಯ. ಎರಡು ಸಾವಿರ ವರ್ಷ ಅಂದರೂ ಕಮ್ಮಿಯೇನಲ್ಲ. ಆದರೆ ಅಂದಾಜು ಅಂದಾಜೇ.

ಹೋದ ತಿಂಗಳು ಊರಿಗೆ ಹೋದಾಗ ಅಣ್ಣನ ಮಗ ಮಡಕೆ ಚೂರೊಂದನ್ನು ತಂದು ತೋರಿಸಿದ. ಆಗಲೇ ತೊಳೆದಿದ್ದ. ಇಬ್ಬರೂ ಹೊಲಕ್ಕೆ ಹೋಗಿ ಸಿಕ್ಕ ಜಾಗ ನೋಡಿ ಬಂದೆವು, ಬದುವಿನಿಂದ ಎಷ್ಟು ಹೆಜ್ಜೆ ಅಂತ ಅವನ ಕೈಲೇ ಚೀಟಿ ಬರೆಸಿದೆ. ಮಣಿಯ ಡಬ್ಬಿಗೂ ಒಂದು ಚೀಟಿ ಹಾಕಿದ್ದೇನೆ: ಮುತ್ಯಾನ ಹೊಲ, ಬೇವಿನ ಗಿಡದ ಕೆಳಗಿನ ಪಟ್ಟಿ, ಮುಂಗಾರಿನ ಮೊದಲ ಮಳೆ, ಹರಗುವಾಗ ಸಿಕ್ಕಿದ್ದು.