ಆಟ ಕಲಿಸುವುದನ್ನೇ ಕಸುಬು ಮಾಡಿಕೊಂಡ ಅಮಲ್ ದತ್ತ

ಕೋಲ್ಕತ್ತಾದ ಫುಟ್‌ಬಾಲ್ ನೆನಪಿನಲ್ಲಿ ಅಮಲ್ ದತ್ತರ ಹೆಸರಿನ ಜೊತೆ ಒಂದು ಸೋಲು ಅಂಟಿಕೊಂಡಿದೆ. 1997ರ ಜುಲೈ 13, ಫೆಡರೇಷನ್ ಕಪ್ ಸೆಮಿಫೈನಲ್. ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಲಕ್ಷಕ್ಕೂ ಹೆಚ್ಚು ಜನ. ದತ್ತರ ಮೋಹನ್ ಬಾಗಾನ್ ‘ಡೈಮಂಡ್’ ವ್ಯೂಹ ನೆಚ್ಚಿಕೊಂಡು ಮೈದಾನಕ್ಕಿಳಿಯಿತು. ಪಿ.ಕೆ. ಬ್ಯಾನರ್ಜಿ ಪಳಗಿಸಿದ್ದ ಈಸ್ಟ್ ಬೆಂಗಾಲ್ 4–1ರಿಂದ ಗೆದ್ದಿತು. ಬೈಚುಂಗ್ ಭುಟಿಯಾ ಒಬ್ಬರೇ ಮೂರು ಗೋಲು ಹೊಡೆದರು.

ನನಗೆ ಮಾತ್ರ ಆ ಒಂದು ಸಂಜೆಗಿಂತ ಅದರ ಹಿಂದಿನ ವರ್ಷಗಳು ದೊಡ್ಡವಾಗಿ ಕಾಣುತ್ತವೆ. ದತ್ತರು ಈಸ್ಟ್ ಬೆಂಗಾಲ್ ಪರ ಆಡಿದವರು, 1954ರ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ತಂಡದಲ್ಲಿದ್ದವರು. ಆ ಕಾಲದ ಆಟಗಾರನಿಗೆ ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಸಿಗುವ ನೌಕರಿಯೇ ಆಧಾರ. ತರಬೇತಿಯನ್ನು ನಂಬಿ ಸಂಸಾರ ನಡೆಸಬಹುದೆಂದು ಯಾರೂ ಎಣಿಸಿರಲಿಲ್ಲ. ದತ್ತರು ಸ್ವಂತ ಹಣದಲ್ಲಿ ಇಂಗ್ಲೆಂಡಿಗೆ ಹೋಗಿ ತರಬೇತುದಾರರ ಪಾಠ ಕಲಿತು ಬಂದರು. ಭಾರತದ ಮೊದಲ ವೃತ್ತಿಪರ ಫುಟ್‌ಬಾಲ್ ತರಬೇತುದಾರ ಎಂದು ಅವರನ್ನು ಕರೆಯುವುದು ಇದಕ್ಕೇ.

ಕಲಿತದ್ದಕ್ಕೆ 1969ರಲ್ಲಿ ಫಲ ಸಿಕ್ಕಿತು. ಹಿಂದೆ ನಿಂತು ಗೋಲು ಕಾಯಬೇಕಾದ ಆಟಗಾರರನ್ನೂ ಅಂಚಿನಿಂದ ಮುನ್ನುಗ್ಗಿಸಿದರು. ಆ ವರ್ಷ ಮೋಹನ್ ಬಾಗಾನ್ ಲೀಗ್ ಗೆದ್ದಿತು. ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಬೆಂಗಾಲನ್ನು 3–1ರಿಂದ ಮಣಿಸಿತು.

2016ರ ಜುಲೈ 10ರಂದು ದತ್ತರು ತೀರಿಕೊಂಡರು. ಡೈಮಂಡ್ ಒಂದು ಪಂದ್ಯದಲ್ಲಿ ಒಡೆಯಿತು, ನಿಜ. ಆದರೆ ಸಂಬಳದ ನೌಕರಿಯ ಲೆಕ್ಕ ಬಲ್ಲ ನಮ್ಮಂಥವರು ಅವರನ್ನು ಆ ಸ್ಕೋರಿನಿಂದಷ್ಟೇ ಅಳೆಯಬಾರದು. ಇಲ್ಲದ ಉದ್ಯೋಗವೊಂದನ್ನು ಅವರು ತಮ್ಮ ಬದುಕನ್ನೇ ಪಣಕ್ಕಿಟ್ಟು ಹುಟ್ಟಿಸಿದರು.