ಸೈನಿಕ ಆಯೋಗವೊ ಸಾಮಾನ್ಯ ನ್ಯಾಯಾಲಯವೊ: ಅಮೆರಿಕದಲ್ಲಿ ಪರದೇಶೀಯ ಭಯೋತ್ಪಾದಕರ ವಿಚಾರಣೆ

2001ನೆಯ ಇಸವಿ ನವೆಂಬರ್ 13ರಂದು ಅಮೆರಿಕ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷ ಜಾರ್ಜ್ ಬುಷ್ ಅವರು ಒಂದು ಸೈನಿಕ ಆಜ್ಞೆಯನ್ನು ಹೊರಡಿಸಿದರು. ಭಯೋತ್ಪಾದನೆಯ ಆರೋಪಕ್ಕೆ ಗುರಿಯಾದ ಪರದೇಶೀಯರನ್ನು ದೇಶದ ಸಾಮಾನ್ಯ ನ್ಯಾಯಾಲಯಗಳ ಮುಂದೆ ನಿಲ್ಲಿಸದೆ, ಸೇನಾಧಿಕಾರಿಗಳಿಂದ ಕೂಡಿದ ಆಯೋಗಗಳ ಮುಂದೆ ವಿಚಾರಿಸಬಹುದೆಂಬುದು ಅದರ ತಾತ್ಪರ್ಯ. ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿ ಆಗ್ಗೆ ಎರಡು ತಿಂಗಳು ಮಾತ್ರ ಕಳೆದಿದ್ದಿತು. ಇದು ಹೊಸ ಕ್ರಮವಲ್ಲ, 1942ರಲ್ಲಿ ರೂಸ್‌ವೆಲ್ಟರು ಮಾಡಿದುದೇ ಎಂದು ಆಜ್ಞೆಯ ಸಮರ್ಥಕರು ಹೇಳಿದರು. ವಾದವು ಹೀಗೆ ಪೂರ್ವನಿದರ್ಶನವನ್ನು ಆಶ್ರಯಿಸಿರುವುದರಿಂದ ಇದು ನ್ಯಾಯಶಾಸ್ತ್ರದ ಪ್ರಶ್ನೆಯಾಗಿರುವಂತೆಯೇ ಇತಿಹಾಸದ ಪ್ರಶ್ನೆಯೂ ಆಗಿದೆ. ಆ ನಿದರ್ಶನ ಎಷ್ಟರಮಟ್ಟಿಗೆ ಗಟ್ಟಿಯಾದುದೆಂಬುದನ್ನು ನಾವು ಇಲ್ಲಿ ಪರಿಶೀಲಿಸಬೇಕಾಗಿದೆ. ಸಾಮಾನ್ಯ ನ್ಯಾಯಾಲಯವೆಂದು ನಾವು ಕರೆಯುವುದು ಜೀವಾವಧಿ ನೇಮಕಗೊಂಡ ನ್ಯಾಯಾಧೀಶರೂ ಜ್ಯೂರಿಯೂ ಉಳ್ಳ ಸಂಯುಕ್ತ ಸರ್ಕಾರದ ನ್ಯಾಯಾಲಯವನ್ನು.

1942ಕ್ಕೆ ಹೋಗುವ ಮುನ್ನ ಮತ್ತೊಂದು ತೀರ್ಪನ್ನು ನೆನೆಯುವುದು ಅವಶ್ಯ. ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಇಂಡಿಯಾನ ಸಂಸ್ಥಾನದ ವಕೀಲ ಲ್ಯಾಂಬ್ಡಿನ್ ಮಿಲ್ಲಿಗನ್ನನಿಗೆ ಸೈನಿಕ ಆಯೋಗವೊಂದು ಮರಣದಂಡನೆ ವಿಧಿಸಿತು. 1866ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ತೀರ್ಪು ಬರೆದ ಡೇವಿಡ್ ಡೇವಿಸ್ ಲಿಂಕನ್ನರ ಆಪ್ತಮಿತ್ರರು, ಅವರಿಂದಲೇ ನೇಮಕಗೊಂಡವರು. ಆದರೂ ನ್ಯಾಯಾಲಯಗಳ ಬಾಗಿಲು ತೆರೆದಿರುವ ಪ್ರದೇಶದಲ್ಲಿ ಪೌರನನ್ನು ಸೈನಿಕರು ವಿಚಾರಿಸಲಾಗದೆಂದು ಅವರು ನಿಸ್ಸಂದಿಗ್ಧವಾಗಿ ಹೇಳಿದರು. ಯುದ್ಧ ಮುಗಿದ ಮೇಲೆ ಬಂದ ತೀರ್ಪಾದುದರಿಂದ ಈ ಧೈರ್ಯ ಸುಲಭವಾಯಿತೆಂಬ ಟೀಕೆಯೂ ಉಂಟು, ಅದರಲ್ಲಿ ಹುರುಳಿಲ್ಲದೆ ಇಲ್ಲ.

ಇನ್ನು ರೂಸ್‌ವೆಲ್ಟರ ಕಾಲದ ಪ್ರಕರಣ. 1942ರ ಜೂನ್ ತಿಂಗಳಲ್ಲಿ ಎಂಟು ಮಂದಿ ಜರ್ಮನ್ ವಿಧ್ವಂಸಕರು ಜಲಾಂತರ್ಗಾಮಿಗಳಿಂದ ಅಮೆರಿಕದ ಕರಾವಳಿಯಲ್ಲಿ ಇಳಿದರು; ನಾಲ್ವರು ನ್ಯೂಯಾರ್ಕಿನ ಬಳಿಯ ಲಾಂಗ್ ಐಲೆಂಡಿನಲ್ಲಿ, ನಾಲ್ವರು ಫ್ಲಾರಿಡದಲ್ಲಿ. ಲಾಂಗ್ ಐಲೆಂಡಿನ ಮರಳಿನಲ್ಲಿ ಅವರಿಗೆ ಎದುರಾದವನು ನಿರಾಯುಧನಾದ ಒಬ್ಬ ಕರಾವಳಿ ಕಾವಲುಗಾರ. ಅವನ ಕೈಗೆ 260 ಡಾಲರುಗಳನ್ನು ತುರುಕಿ ಅವರು ಪಾರಾದರು. ಕೆಲವೇ ದಿನಗಳಲ್ಲಿ ತಂಡದ ಮುಖಂಡ ಜಾರ್ಜ್ ಡ್ಯಾಶ್ ತಾನಾಗಿಯೇ ವಾಷಿಂಗ್ಟನ್ನಿಗೆ ಹೋಗಿ ಎಫ್.ಬಿ.ಐ. ಕಚೇರಿಯಲ್ಲಿ ಸಂಗತಿಯೆಲ್ಲವನ್ನೂ ಬಿಚ್ಚಿ ಹೇಳಿದನು. ಜೂನ್ 27ರೊಳಗೆ ಎಂಟು ಮಂದಿಯೂ ಸೆರೆಯಾದರು. ಎಫ್.ಬಿ.ಐ.ಯ ಮುಖ್ಯಸ್ಥ ಹೂವರ್ ಅವರು ಸಾರ್ವಜನಿಕರಿಗೆ ಈ ಸುದ್ದಿಯನ್ನು ತಿಳಿಸುವಾಗ ಡ್ಯಾಶನ ಶರಣಾಗತಿಯನ್ನು ಹೇಳದೆ ಬಿಟ್ಟರು. ಕೀರ್ತಿಯೆಲ್ಲ ಇಲಾಖೆಯ ಪಾಲಾಯಿತು.

ಈ ಮೌನವೇ ಮುಂದಿನ ಘಟನೆಗಳಿಗೆ ಬೀಗದ ಕೈ ಎಂದು ನಮಗೆ ತೋರುತ್ತದೆ. ಬಹಿರಂಗ ನ್ಯಾಯಾಲಯದಲ್ಲಿ ಡ್ಯಾಶ್ ಬಾಯಿ ತೆರೆದರೆ ಕರಾವಳಿಯ ಕಾವಲು ಎಷ್ಟು ಸಡಿಲವೆಂಬುದೂ, ಸಂಚು ಬಯಲಾದುದು ಯಾರಿಂದ ಎಂಬುದೂ ಲೋಕಕ್ಕೆ ತಿಳಿಯುತ್ತಿದ್ದಿತು. ಅಲ್ಲದೆ ಆಗಿನ ಕಾನೂನಿನಲ್ಲಿ ವಿಧ್ವಂಸಕ ಕೃತ್ಯಕ್ಕೆ ಇದ್ದ ಅತ್ಯಧಿಕ ಶಿಕ್ಷೆ 30 ವರ್ಷಗಳ ಸೆರೆ; ಈ ಎಂಟು ಮಂದಿಯಾದರೋ ಒಂದು ಸೇತುವೆಯನ್ನೂ ಸಿಡಿಸಿರಲಿಲ್ಲ. ಸರ್ಕಾರಕ್ಕೆ ಬೇಕಾಗಿದ್ದುದು ಮರಣದಂಡನೆ. ಜುಲೈ 2ರಂದು ರೂಸ್‌ವೆಲ್ಟರು ಏಳು ಸೇನಾನಿಗಳ ಆಯೋಗವನ್ನು ನೇಮಿಸಿ, ಮೂರರಲ್ಲಿ ಎರಡು ಪಾಲು ಮತಗಳಿಂದ ಶಿಕ್ಷೆ ವಿಧಿಸಬಹುದೆಂದು ಅಪ್ಪಣೆ ಮಾಡಿದರು. ಗುಪ್ತ ವಿಚಾರಣೆ ನಡೆದುದು ನ್ಯಾಯ ಇಲಾಖೆಯ ಕಟ್ಟಡದಲ್ಲಿಯೇ ಎಂಬುದು ವಿನೋದದ ಸಂಗತಿ. ಆಪಾದಿತರ ಪರವಾಗಿ ನಿಂತ ಕರ್ನಲ್ ಕೆನೆತ್ ರಾಯಲ್ ಅಧ್ಯಕ್ಷರ ಇಷ್ಟಕ್ಕೆ ವಿರುದ್ಧವಾಗಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಸಮವಸ್ತ್ರ ತೊಟ್ಟ ಅಧಿಕಾರಿಯೊಬ್ಬರು ತಮ್ಮ ಸರ್ವಸೇನಾಪತಿಯ ಆಜ್ಞೆಯನ್ನೇ ಪ್ರಶ್ನಿಸಿದ ಈ ಕಾರ್ಯ ಸ್ಮರಣೀಯವಾದುದು. ಕೋರ್ಟು ಬೇಸಗೆಯ ಬಿಡುವಿನಲ್ಲಿ ವಿಶೇಷವಾಗಿ ಸೇರಿ ಎರಡು ದಿನ ವಾದ ಕೇಳಿ, ಜುಲೈ 31ರಂದು ಕಾರಣಗಳನ್ನು ಕೊಡದೆ ಆಯೋಗವನ್ನು ಎತ್ತಿಹಿಡಿಯಿತು. ಆಗಸ್ಟ್ 8ರಂದು ಆರು ಮಂದಿ ವಿದ್ಯುತ್ ಕುರ್ಚಿಯಲ್ಲಿ ಸತ್ತರು. ಕಾರಣಗಳನ್ನು ಒಳಗೊಂಡ ತೀರ್ಪು ಹೊರಬಂದುದು ಅಕ್ಟೋಬರ್ 29ರಂದು. ಸಮವಸ್ತ್ರವಿಲ್ಲದೆ ರಹಸ್ಯವಾಗಿ ಒಳನುಗ್ಗಿದ ಶತ್ರುಯೋಧರಿಗೆ ಮಿಲ್ಲಿಗನ್ ತೀರ್ಪು ಅನ್ವಯಿಸದೆಂದು ಮುಖ್ಯ ನ್ಯಾಯಾಧೀಶ ಸ್ಟೋನ್ ಅವರು ಅದರಲ್ಲಿ ಬರೆದರು. ಕಾನೂನಿನ ದೃಷ್ಟಿಯಿಂದ ಈ ಭೇದ ಅಲ್ಲಗಳೆಯತಕ್ಕದ್ದಲ್ಲ. ಆದರೆ ಆರು ಜನ ಸತ್ತ ಮೇಲೆ ಬರೆದ ಕಾರಣಗಳಿಗೆ ಬೇರೊಂದು ತೀರ್ಮಾನ ಸಾಧ್ಯವಿತ್ತೆ? ಕ್ವಿರಿನ್ ಪ್ರಕರಣವೆಂದು ಹೆಸರಾದ ಇದೇ 2001ರ ಆಜ್ಞೆಗೆ ಮಾದರಿಯಾಯಿತು.

ಮಾದರಿ ದೊರೆತರೂ ಅದರ ವೇಗ ದೊರೆಯಲಿಲ್ಲ. 2002ರ ಜನವರಿ 11ರಿಂದ ಕ್ಯೂಬಾದ ಗ್ವಾಂಟಾನಮೊ ನೌಕಾನೆಲೆಗೆ ಬಂದಿಗಳು ಬರತೊಡಗಿದರು. ಒಟ್ಟು ಸುಮಾರು 780 ಮಂದಿ ಅಲ್ಲಿ ಸೆರೆಯಲ್ಲಿದ್ದರು. 2004ರಲ್ಲಿ ಅವರ ಅರ್ಜಿಗಳನ್ನು ನ್ಯಾಯಾಲಯಗಳು ಕೇಳಬಹುದೆಂದೂ, 2006ರಲ್ಲಿ ಬುಷ್ ಅವರ ಆಯೋಗಗಳು ಸೈನಿಕ ಕಾನೂನಿಗೂ ಜಿನೀವಾ ಒಪ್ಪಂದಗಳಿಗೂ ವಿರುದ್ಧವೆಂದೂ, 2008ರಲ್ಲಿ ಹೇಬಿಯಸ್ ಕಾರ್ಪಸ್ ಹಕ್ಕನ್ನು ಅವರಿಂದ ಕಿತ್ತುಕೊಳ್ಳಲಾಗದೆಂದೂ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಕಾಂಗ್ರೆಸ್ಸು 2006ರಲ್ಲಿಯೂ 2009ರಲ್ಲಿಯೂ ಆಯೋಗಗಳಿಗೆ ಹೊಸ ಶಾಸನಗಳನ್ನು ಮಾಡಿತು. ಹೀಗೆ ಪ್ರತಿಯೊಂದು ನಿಯಮವನ್ನೂ ಮೊದಲಿನಿಂದ ಕಟ್ಟಬೇಕಾಗಿ ಬಂದಾಗ ಕಾಲ ಕಳೆಯಿತು. 1942ರ ಶೀಘ್ರತೆ ಆಯೋಗವೆಂಬ ಸಂಸ್ಥೆಯ ಗುಣವಾಗಿರಲಿಲ್ಲ. ಆಪಾದಿತನಿಗೆ ಹಕ್ಕುಗಳಿಲ್ಲದಿದ್ದುದರ ಫಲವಾಗಿದ್ದಿತು.

ಎರಡು ಬಗೆಯ ನ್ಯಾಯಮಂಡಲಿಗಳ ಫಲವನ್ನು ಹೋಲಿಸಲು ಇಬ್ಬರ ಪ್ರಕರಣಗಳು ಸಾಕು. ಒಸಾಮ ಬಿನ್ ಲಾಡೆನ್ನನ ಕಾರಿನ ಚಾಲಕನಾಗಿದ್ದ ಯೆಮನ್ನಿನ ಸಲೀಂ ಹಮ್ದಾನನಿಗೆ 2008ರ ಆಗಸ್ಟಿನಲ್ಲಿ ಸೈನಿಕ ಆಯೋಗ ವಿಧಿಸಿದ ಶಿಕ್ಷೆ 66 ತಿಂಗಳು. ಅದರಲ್ಲಿ 61 ತಿಂಗಳು ಆಗಲೇ ಕಳೆದುದಾಗಿ ಎಣಿಸಲಾಯಿತು. ಅವನ ಮೇಲೆ ಹೊರಿಸಿದ ಅಪರಾಧ ಅವನ ಕೃತ್ಯದ ಕಾಲದಲ್ಲಿ ಯುದ್ಧಾಪರಾಧವೇ ಆಗಿರಲಿಲ್ಲವೆಂದು ಮೇಲ್ಮನವಿ ನ್ಯಾಯಾಲಯವು 2012ರಲ್ಲಿ ಆ ಶಿಕ್ಷೆಯನ್ನೂ ರದ್ದುಮಾಡಿತು. ಇನ್ನೊಬ್ಬ ಟಾಂಜಾನಿಯದ ಅಹಮದ್ ಘೈಲಾನಿ. 1998ರ ಆಗಸ್ಟ್ 7ರಂದು ನೈರೋಬಿ ಮತ್ತು ದಾರ್ ಎಸ್ ಸಲಾಮಿನ ಅಮೆರಿಕನ್ ದೂತಾವಾಸಗಳ ಮೇಲೆ ನಡೆದ ಬಾಂಬು ದಾಳಿಯಲ್ಲಿ 224 ಮಂದಿ ಸತ್ತಿದ್ದರು. 2004ರಲ್ಲಿ ಸೆರೆಸಿಕ್ಕ ಘೈಲಾನಿ ಸಿ.ಐ.ಎ.ಯ ಗುಪ್ತ ಬಂದೀಖಾನೆಗಳಲ್ಲಿದ್ದು, ಗ್ವಾಂಟಾನಮೊಗೆ ಬಂದು, 2009ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಸಾಗಿಸಲ್ಪಟ್ಟನು. ನ್ಯಾಯಾಧೀಶ ಲೂಯಿಸ್ ಕ್ಯಾಪ್ಲನ್ ಅವರು ಮುಖ್ಯ ಸಾಕ್ಷಿಯೊಬ್ಬನನ್ನು ಕರೆಯಗೊಡಲಿಲ್ಲ. ಆ ಸಾಕ್ಷಿಯ ಸುಳಿವು ದೊರೆತುದು ಘೈಲಾನಿಯನ್ನು ಬಲಾತ್ಕರಿಸಿ ಪಡೆದ ಹೇಳಿಕೆಗಳಿಂದ. ಜ್ಯೂರಿಯು 285 ಆರೋಪಗಳಲ್ಲಿ 284ನ್ನು ಬಿಟ್ಟು ಒಂದರಲ್ಲಿ ಮಾತ್ರ ಅವನನ್ನು ದೋಷಿಯೆಂದಿತು. ಸಾಮಾನ್ಯ ನ್ಯಾಯಾಲಯ ಸೋತಿತೆಂದು ಆಗ ದೊಡ್ಡ ಕೂಗೆದ್ದಿತು. ಆದರೆ ಆ ಒಂದಕ್ಕೇ 2011ರ ಜನವರಿಯಲ್ಲಿ ಜೀವಾವಧಿ ಸೆರೆ ದೊರೆಯಿತು, 2013ರಲ್ಲಿ ಮೇಲ್ಮನವಿಯಲ್ಲಿಯೂ ಅದು ನಿಂತಿತು.

ಯುದ್ಧರಂಗದ ಸೈನಿಕನು ಪೊಲೀಸಿನವನಂತೆ ಸಾಕ್ಷ್ಯ ಕೂಡಿಹಾಕಲಾರನೆಂಬ ಆಕ್ಷೇಪಣೆಯನ್ನು ನಾವು ಲಘುವಾಗಿ ಕಾಣುವುದಿಲ್ಲ. ರಾಜ್ಯದ ಗುಟ್ಟುಗಳು ಬಯಲಾಗುವುವೆಂಬ ಆಕ್ಷೇಪಣೆ ಅಷ್ಟು ಬಲವಾದುದಲ್ಲ. ಅದಕ್ಕೆಂದೇ 1980ರಲ್ಲಿ ಕಾನೂನು ಆಗಿದೆ. ನಿಜವಾದ ತೊಡಕು ಬೇರೆಡೆ ಇದೆ. ಹಿಂಸೆಯಿಂದ ಪಡೆದ ತಪ್ಪೊಪ್ಪಿಗೆ ಯಾವ ಪೀಠದ ಮುಂದೆ ಹೋದರೂ ಆಪಾದಿತನ ಬೆನ್ನು ಹತ್ತಿಯೇ ಬರುತ್ತದೆ. 2000ದಲ್ಲಿ 17 ನಾವಿಕರನ್ನು ಬಲಿತೆಗೆದುಕೊಂಡ ‘ಕೋಲ್’ ನೌಕೆಯ ಮೇಲಣ ದಾಳಿಯ ಮೊಕದ್ದಮೆಯಲ್ಲಿ, 2023ರ ಆಗಸ್ಟಿನಲ್ಲಿ, ಅಂಥ ಹೇಳಿಕೆಗಳನ್ನು ತಳ್ಳಿಹಾಕಿದವರು ಸೈನಿಕ ನ್ಯಾಯಾಧೀಶರೇ. ಆದುದರಿಂದ ಸೈನಿಕ ಆಯೋಗದಿಂದ ದೊರೆಯುವುದೆಂದು ನಂಬಿದ್ದ ಅನುಕೂಲ ದೊರೆಯಲಿಲ್ಲ. ಸಾಮಾನ್ಯ ನ್ಯಾಯಾಲಯದ ಸ್ಥಿರತೆಯಾದರೋ ಕೈಬಿಟ್ಟುಹೋಯಿತು. ವಿಚಾರಣೆ ನಡೆಸುವುದಾದರೆ ಅದು ಸಾಮಾನ್ಯ ನ್ಯಾಯಾಲಯದಲ್ಲಿಯೇ ನಡೆಯತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಘೈಲಾನಿ ನಿರ್ದೋಷಿಯೆಂದಾಗಿದ್ದರೂ ಅವನನ್ನು ಯುದ್ಧಬಂದಿಯಾಗಿ ಹಿಡಿದಿಡಬಹುದಾಗಿತ್ತೆಂದು ಕ್ಯಾಪ್ಲನ್ ಅವರೇ ಸೂಚಿಸಿದ್ದರು. ಬಿಡುಗಡೆಯ ಸಂಭವವಿಲ್ಲದ ವಿಚಾರಣೆಗೆ ಸಾಮಾನ್ಯ ನ್ಯಾಯಾಲಯವೂ ಎಷ್ಟರಮಟ್ಟಿಗೆ ತಕ್ಕ ಸ್ಥಾನವೆಂಬ ಶಂಕೆ ನಮ್ಮ ಅಭಿಪ್ರಾಯಕ್ಕೂ ತಗಲುತ್ತದೆ, ಅದನ್ನು ಮರೆಮಾಚಬೇಕಾಗಿಲ್ಲ.

2001ರ ದಾಳಿಯ ಮುಖ್ಯ ಆಪಾದಿತ ಖಾಲಿದ್ ಶೇಖ್ ಮಹಮದ್ ಮತ್ತು ಇತರ ನಾಲ್ವರನ್ನು ನ್ಯೂಯಾರ್ಕಿನಲ್ಲಿ ವಿಚಾರಿಸುವುದಾಗಿ 2009ರ ನವೆಂಬರಿನಲ್ಲಿ ಅಟಾರ್ನಿ ಜನರಲ್ ಎರಿಕ್ ಹೋಲ್ಡರ್ ಸಾರಿದರು. ನಗರದಲ್ಲಿ ವಿರೋಧವೆದ್ದಿತು, ಗ್ವಾಂಟಾನಮೊ ಬಂದಿಗಳನ್ನು ದೇಶದೊಳಕ್ಕೆ ತರಲು ಹಣ ಬಳಸಕೂಡದೆಂದು ಕಾಂಗ್ರೆಸ್ಸು ನಿಷೇಧಿಸಿತು. 2011ರ ಏಪ್ರಿಲಿನಲ್ಲಿ ಹೋಲ್ಡರ್ ಹಿಂದೆಗೆದರು. ಮರುವರ್ಷದ ಮೇ 5ರಂದು ಆಯೋಗದ ಮುಂದೆ ಆರೋಪಗಳನ್ನು ಓದಿಹೇಳಲಾಯಿತು. 2024ರ ಜುಲೈ 31ರಂದು ಮೂವರು ಮರಣದಂಡನೆಯಿಂದ ಪಾರಾಗಿ ತಪ್ಪೊಪ್ಪಿಕೊಳ್ಳುವ ಒಪ್ಪಂದ ಪ್ರಕಟವಾಯಿತು. ಎರಡೇ ದಿನಗಳಲ್ಲಿ ರಕ್ಷಣಾ ಕಾರ್ಯದರ್ಶಿ ಲಾಯ್ಡ್ ಆಸ್ಟಿನ್ ಅದನ್ನು ಹಿಂದಕ್ಕೆ ಪಡೆದರು. ಹಾಗೆ ಪಡೆಯುವ ಅಧಿಕಾರ ಅವರಿಗುಂಟೆಂದು 2025ರ ಜುಲೈಯಲ್ಲಿ ಮೇಲ್ಮನವಿ ನ್ಯಾಯಾಲಯ ಇಬ್ಬರು ನ್ಯಾಯಾಧೀಶರ ಬಹುಮತದಿಂದ ಹೇಳಿತು. ಗೋಪುರಗಳು ಬಿದ್ದು ಆಗ್ಗೆ ಇಪ್ಪತ್ತುಮೂರು ವರ್ಷ ಹತ್ತು ತಿಂಗಳು ಕಳೆದಿದ್ದಿತು. ಮೊದಲನೆಯ ಸಾಕ್ಷಿಯ ಹೇಳಿಕೆಯನ್ನು ಕೇಳುವ ತೀರ್ಪುಮಂಡಲಿ ಇನ್ನೂ ಕುಳಿತಿರಲಿಲ್ಲ.