ಎಲ್ಲೆಯ ಮಾತಿಗೆ ಊರಿನ ನುಡಿ

ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1894ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಇಂಥ ಸಂಪುಟಗಳನ್ನು ರಾಜರ ವಂಶಾವಳಿಗಾಗಿ ಓದುವವರೇ ಹೆಚ್ಚು. ಆದರೆ ಯಾರಿಗೆ ಯಾವ ಮಾತನ್ನು ಯಾವ ಭಾಷೆಯಲ್ಲಿ ಹೇಳಬೇಕೆಂಬ ವಿವೇಕದ ಚರಿತ್ರೆಯೂ ಶಾಸನಗಳಲ್ಲಿ ಅಡಗಿದೆ.

ನರಸೀಪುರ ತಾಲ್ಲೂಕಿನ ತಲಕಾಡು ಗಂಗರ ರಾಜಧಾನಿಯಾಗಿತ್ತು. ಗಂಗರ ತಾಮ್ರಶಾಸನಗಳಲ್ಲಿ ಅರಸನ ವಂಶ, ಪರಾಕ್ರಮ, ದಾನದ ಪುಣ್ಯ ಇವೆಲ್ಲ ಸಾಮಾನ್ಯವಾಗಿ ಸಂಸ್ಕೃತದಲ್ಲಿವೆ. ಅದು ದೂರದ ಆಸ್ಥಾನಗಳ ವಿದ್ವಾಂಸರಿಗೂ ಮುಟ್ಟಬೇಕಾದ ಕೀರ್ತಿ. ಆದರೆ ಕೊಟ್ಟ ಭೂಮಿಯ ಎಲ್ಲೆಯನ್ನು ಹೇಳುವ ಹೊತ್ತು ಬಂದಾಗ ಅನೇಕ ಶಾಸನಗಳಲ್ಲಿ ಭಾಷೆ ಕನ್ನಡಕ್ಕೆ ತಿರುಗುತ್ತದೆ. ಮೂಡಲಿಗೆ ಇಂಥ ಮರ, ತೆಂಕಲಿಗೆ ಇಂಥ ಕೆರೆ, ಪಡುವಲಿಗೆ ಹುತ್ತ, ಬಡಗಲಿಗೆ ಹಳ್ಳ ಎಂಬ ರೀತಿಯ ವಿವರಗಳು ಅಲ್ಲಿ ಬರುತ್ತವೆ. ನಾಳೆ ವ್ಯಾಜ್ಯ ಹುಟ್ಟಿದರೆ ಸಾಕ್ಷಿ ನುಡಿಯಬೇಕಾದವರು ಆ ನೆಲವನ್ನು ಉಳುವ ಒಕ್ಕಲುಗಳು, ಊರಿನ ಹಿರಿಯರು. ಅವರಿಗೆ ತಿಳಿಯದ ಎಲ್ಲೆ ಎಷ್ಟು ಸುಂದರ ಶ್ಲೋಕದಲ್ಲಿದ್ದರೇನು? ಶಾಸನಕವಿ ಪದವನ್ನು ಹುಡುಕುವ ಮೊದಲು ಕೇಳುವವನನ್ನು ಹುಡುಕಿದ್ದ.

ಅಕ್ಷರ ಬಾರದವರನ್ನೂ ನಮ್ಮ ಹಿರಿಯರು ಮರೆಯಲಿಲ್ಲ. ನಾಡಿನ ಹೊಲಗಳಲ್ಲಿ ಲಿಂಗಮುದ್ರೆಯ ಕಲ್ಲು ಶಿವಾಲಯದ ಭೂಮಿಯನ್ನೂ, ಮುಕ್ಕೊಡೆಯ ಕಲ್ಲು ಬಸದಿಯ ಭೂಮಿಯನ್ನೂ ಸೂಚಿಸಿದುವು. ವೀರಗಲ್ಲಿನಲ್ಲಿ ಕಾಳಗವೂ ಸ್ವರ್ಗಾರೋಹಣವೂ ಚಿತ್ರಗಳಾದುವು. ಬರಹ ಕೆಲವೇ ಸಾಲು, ಅದೂ ಊರಿನ ಕನ್ನಡದಲ್ಲಿ.

11ನೆಯ ಶತಮಾನದ ಆರಂಭದಲ್ಲಿ ಚೋಳರು ತಲಕಾಡನ್ನು ಗೆದ್ದು ರಾಜರಾಜಪುರವೆಂದು ಕರೆದರು. ಈ ಸೀಮೆಯ ದೇವಾಲಯಗಳ ಗೋಡೆಗಳಲ್ಲಿ ತಮಿಳು ಶಾಸನಗಳು ಮೂಡಿದುವು. 1116ರ ಸುಮಾರಿಗೆ ವಿಷ್ಣುವರ್ಧನನು ಚೋಳರನ್ನು ಓಡಿಸಿ ‘ತಲಕಾಡುಗೊಂಡ’ನೆನಿಸಿದ, ಕೀರ್ತಿನಾರಾಯಣ ದೇವಾಲಯವನ್ನು ಕಟ್ಟಿಸಿದ. ಆದರೂ ಹೊಯ್ಸಳರ ಕಾಲದಲ್ಲಿ ಇಲ್ಲಿ ತಮಿಳು ಶಾಸನಗಳು ನಿಲ್ಲಲಿಲ್ಲ. ಶತ್ರು ಹೋಗಿದ್ದ, ಆದರೆ ಆ ಭಾಷೆಯಲ್ಲಿ ವ್ಯವಹರಿಸುವ ಜನ ಉಳಿದಿದ್ದರು. ಗೆದ್ದವನು ಅವರೊಡನೆ ಮಾತು ಕಡಿದುಕೊಳ್ಳಲಿಲ್ಲ.

ಈ ವ್ಯವಸ್ಥೆಯಲ್ಲಿ ಕೊರತೆಯೂ ಉಂಟು. ತನ್ನ ಊರನ್ನೇ ದಾನ ಮಾಡಿದ ಅರಸನ ಹೊಗಳಿಕೆ ಒಕ್ಕಲಿಗನ ಕಿವಿಗೆ ಬರಿಯ ಘೋಷವಾಗಿದ್ದೀತು. ಆದರೂ ತನ್ನ ಪಾಲಿನ ನೆಲ ಎಲ್ಲಿ ಮುಗಿಯುತ್ತದೆಂಬುದನ್ನು ಅವನು ತಿಳಿಯಬಲ್ಲವನಾಗಿದ್ದ.

ಇಂದಿನ ಕ್ರಯಪತ್ರಗಳಲ್ಲಿ ಅದೇ ಎಲ್ಲೆ ‘ಚಕ್ಕುಬಂದಿ’ಯಾಗಿ ಉಳಿದಿದೆ. ಪದ ಹೊರಗಿನಿಂದ ಬಂದದ್ದು. ರೈತನ ಬಾಯಲ್ಲಿ ಪಳಗಿ ನಮ್ಮದಾಯಿತು. ಆದರೆ ಅದೇ ರೈತ ಕಚೇರಿಯ ಆದೇಶವೊಂದನ್ನು ಹಿಡಿದು, ಓದಿ ಹೇಳುವವರನ್ನು ಹುಡುಕಿಕೊಂಡು ಹೋಗುವ ಸ್ಥಿತಿ ಇನ್ನೂ ತಪ್ಪಿಲ್ಲ. ಹೊಗಳಿಕೆ ಯಾವ ಭಾಷೆಯಲ್ಲಾದರೂ ಇರಲಿ. ಹಕ್ಕಿನ ಮಾತು ಹಕ್ಕುದಾರನಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಸಾವಿರ ವರ್ಷಗಳ ಹಿಂದಿನ ತಾಮ್ರಪಟಗಳು ಈ ಮಾತನ್ನು ಬರೆದು ತೋರಿಸಿವೆ.